ಟ್ಯಾಬ್ ಮುಚ್ಚಬ್ಯಾಡ್ರಿ

ನಮ್ಮ ಹತ್ರ 41 ಹಾಡು ಇದಾವೆ. ಎಲ್ಲ ಸೇರಿ 600 ಎಂಬಿ, ಕೇಳಲಿಕ್ಕೆ ಕೂತರೆ ಎರಡು ತಾಸಿಗೆ ಸ್ವಲ್ಪ ಕಡಿಮೆ. ಇವನ್ನ ಯಾವ ಕಂಪನಿಯ ಸರ್ವರಿನಲ್ಲೂ ಇಡದೆ, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲದಲ್ಲಿರೋ ಪರಿಚಯದ ಮಂದಿಯ ಬ್ರೌಸರ್‌ಗಳ ಒಳಗೇ ಇಟ್ಟು, ಮನೆಯವರಿಗೆ ಬೇಕಾದಾಗ ಸಿಗೋ ಹಂಗೆ ಮಾಡಬಹುದಾ ಅಂತ ಕಳೆದ ರಜೆಯಲ್ಲಿ ನಾವು ನಾಲ್ಕು ಮಂದಿ ನೋಡಿದ್ವಿ. ಊರಿಗೊಬ್ಬರಂತೆ ನಾಲ್ಕು ಮಂದಿ. ಇದನ್ನೇ ಕನ್ನಡದಲ್ಲಿ ಬರೀರಿ ಅಂತ ಕ್ಲಬ್ಬಿನವರು ಹೇಳಿದ್ರು. ಇಂಗ್ಲಿಷ್ ಮೀಡಿಯಂ ಕೈ, ಸ್ವಲ್ಪ ಸಂಭಾಳಿಸಿಕೊಂಡು ಓದ್ರಿ.

ಹಾಡು ಅಂದ್ರೆ ಸಿನೆಮಾ ಹಾಡಲ್ಲ. ನಮ್ಮೊಳಗಿನ ಬಾಗಲಕೋಟೆಯವನ ಆಯಿ ಹಾಡಿದ ಬೀಸುವ ಪದ, ಸೋಬಾನ ಪದ, ಜೋಗುಳ. (ಅವರ ಮನೆಯಲ್ಲಿ ಅಜ್ಜಿಗೆ ಆಯಿ ಅಂತಾರೆ. ಈಗ ನಮಗೆಲ್ಲರಿಗೂ ಅವರು ಆಯಿನೇ.) ಅವರ ಮೊದಲಿನ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಘಟಪ್ರಭೆಯ ದಂಡೆಯ ಆ ಊರಿನ ಒಂದಷ್ಟು ಭಾಗಕ್ಕೆ ಆಲಮಟ್ಟಿ ಜಲಾಶಯದ ಹಿನ್ನೀರು ಬಂತು, ಮಂದಿ ನವನಗರಕ್ಕೆ ಬಂದ್ರು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದವರು ಬೇರೆ ಬೇರೆ ಸೆಕ್ಟರ್ ಆದ್ರು. ಒಬ್ಬರು ಎತ್ತಿದ ಪದಕ್ಕೆ ಇನ್ನೊಬ್ಬರು ಸೊಲ್ಲು ಹಿಡಿಯೋ ಹೆಣ್ಣುಮಕ್ಕಳು ಚದುರಿ ಹೋದ ಮೇಲೆ ಈ ಪದಗಳನ್ನ ಒಬ್ಬರೇ ಹಾಡೋದು ಅವರಿಗೆ ಒಗ್ಗಲಿಲ್ಲ. ಜಲಾಶಯದ ಮಟ್ಟವನ್ನ 519.6 ಮೀಟರಿನಿಂದ 524.256 ಮೀಟರಿಗೆ ಏರಿಸೋ ವಿಷಯ ಇನ್ನೂ ಇದೆ. ಹಂಗಾಗಿ ಆ ಮನೆಯಲ್ಲಿ ಮುಳುಗೋದು, ಉಳಿಯೋದು ಅನ್ನೋ ಮಾತು ದಿನಾ ಊಟದ ಜೊತೆ ಬರ್ತದೆ.

ಮೊದಲು ರೆಕಾರ್ಡ್ ಮಾಡಿದ್ದು ಅವನ ಕಾಕಾನ ಫೋನಿನಲ್ಲಿ. 11 ಹಾಡಾದ ಮೇಲೆ ಫೋನಿನ ಡಿಸ್‌ಪ್ಲೇ ಹೋಯ್ತು. ರಿಪೇರಿಗೆ ಕೊಟ್ಟ ಅಂಗಡಿಯಲ್ಲಿ ಡಿಸ್‌ಪ್ಲೇ ಜೊತೆಗೆ ಫೋನನ್ನೇ ರೀಸೆಟ್ ಮಾಡಿ ಕೊಟ್ರು. ಆಯಿ 8 ಹಾಡು ಮತ್ತೆ ಹಾಡಿದ್ರು. ಇನ್ನು 3 ಹಾಡು ಅವರಿಗೆ ನೆನಪಾಗಲಿಲ್ಲ. ಒಂದರ ಧಾಟಿ ಬಾಯಿಗೆ ಬಂತು, ಸೊಲ್ಲು ಬರಲಿಲ್ಲ. ಅವತ್ತಿನಿಂದ ಈ ಕೆಲಸ ನಮಗೆ ಪ್ರಾಜೆಕ್ಟ್ ಆಗಿ ಉಳೀಲಿಲ್ಲ.

ಪೆನ್‌ಡ್ರೈವಿಗೆ ಹಾಕಿಡಬಾರದಾ ಅಂತ ನೀವು ಕೇಳ್ತೀರಿ. ಹಾಕಿಟ್ಟೀವಿ. ಅದು ಟ್ರೆಜರಿಯಲ್ಲಿ ಬಂಗಾರದ ಜೊತೆ ಐತಿ, ಹಬ್ಬಕ್ಕೊಮ್ಮೆ ಹೊರಗೆ ಬರ್ತದೆ. ಗೂಗಲ್ ಡ್ರೈವ್‌ನ ಪುಕ್ಕಟೆ 15 ಜಿಬಿ ಎಲ್ಲರದೂ ತುಂಬಿದೆ. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನ ಮಂದಿ ಕೇಳ್ತಾರೆ, ಫೋನ್ ತುಂಬಿದಾಗ ಅಳಿಸ್ತಾರೆ. ಇದರ ಮೇಲೆ ಆಯಿಯದೊಂದು ಕಂಡೀಷನ್: "ಮನಿ ಮಂದಿ ಕೇಳ್ಲಿ. ಊರ ಮಂದಿ ಯಾಕ ಕೇಳಬೇಕು? ಅದರಾಗ ನಮ್ಮ ಅತ್ತಿ ಹೆಸರು, ನೆಗೆಣ್ಣಿ ಹೆಸರು ಎಲ್ಲಾ ಬರ್ತಾವು." ಬೀಸುವ ಪದದಲ್ಲಿ ಅತ್ತೆ ಹೆಸರು ಎದಕ್ಕೆ ಬರ್ತದೆ ಅನ್ನೋದು ನಿಮಗೆ ಗೊತ್ತೇ ಇರ್ತದೆ.

ಹಂಗಾದ್ರೆ ಬ್ರೌಸರ್ ಯಾಕೆ? ಕಾರಣ ಒಂದೇ. ಆಪ್ ಹಾಕ್ಕೊಳ್ರಿ ಅಂದ್ರೆ ನಮ್ಮ ಮನೆಗಳಲ್ಲಿ ಯಾರೂ ಹಾಕ್ಕೊಳ್ಳೋದಿಲ್ಲ, ಫೋನಿನಲ್ಲಿ ಜಾಗ ಇರೋದಿಲ್ಲ. ಲಿಂಕ್ ಒತ್ತು ಅಂದ್ರೆ ಎಲ್ಲರೂ ಒತ್ತತಾರೆ. ಬ್ರಾಮ್ ಕೋಹೆನ್ 2001ರಲ್ಲಿ ಬಿಟ್‌ಟೊರೆಂಟ್ ಬಿಟ್ಟಾಗ ಅದಕ್ಕೊಂದು ಬೇರೆ ಸಾಫ್ಟ್‌ವೇರ್ ಬೇಕಾಗ್ತಿತ್ತು. ಆಮೇಲೆ ವೆಬ್‌ಆರ್‌ಟಿಸಿ ಬಂತು. 2011ರಲ್ಲಿ ಗೂಗಲ್ ಅದರ ಕೋಡ್ ಹೊರಗೆ ಬಿಟ್ಟಿತು, 2021ರಲ್ಲಿ ಅದು ಅಧಿಕೃತ ವೆಬ್ ಮಾನದಂಡ ಆಯ್ತು. ಮೀಟಿಂಗಿನ ವಿಡಿಯೋ ಹೋಗೋ ಅದೇ ದಾರಿಯಲ್ಲಿ ಡೇಟಾ ಚಾನೆಲ್ ಅಂತ ಒಂದು ಇದೆ, ಅದರೊಳಗೆ ಫೈಲನ್ನೂ ಕಳಿಸಬಹುದು. ಫೆರಾಸ್ ಅಬುಖದಿಜೆ ಶುರುಮಾಡಿದ ವೆಬ್‌ಟೊರೆಂಟ್ ಮಾಡಿದ್ದು ಇದನ್ನೇ. ನಾವು ಅದರ ಕೋಡ್ ಓದಿ, ನಮಗೆ ಬೇಕಾದಷ್ಟನ್ನ ಕೈಯಿಂದ ಬರೆದ್ವಿ.

ಸರ್ವರ್ ಪೂರ್ತಿ ಇಲ್ಲ ಅಂತಲ್ಲ. ಪುಟ ಎಲ್ಲಿಂದಾದ್ರೂ ತೆರೀಬೇಕು. ಎರಡು ಬ್ರೌಸರ್‌ಗಳಿಗೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಹೇಳೋರು ಒಬ್ಬರು ಬೇಕು. ಆದರೆ ಈ ಸರ್ವರಿನ ಕೆಲಸ ಕನ್ಯಾ ತೋರಿಸೋ ಮಧ್ಯಸ್ಥರ ಕೆಲಸ ಇದ್ದಂಗೆ: ಎರಡು ಮನೆಯವರನ್ನ ಕೂಡಿಸಿ ಚಹಾ ಕುಡಿದು ಎದ್ದು ಹೋಗ್ತದೆ. ಮುಂದಿನ ಮಾತು ಮನೆಯವರದ್ದೇ.

ಫೈಲನ್ನ 256 ಕೆಬಿಯ ತುಣುಕು ಮಾಡಿದ್ವಿ. 600 ಎಂಬಿಗೆ 2400 ತುಣುಕು. ಪ್ರತಿ ತುಣುಕಿಗೂ ಎಸ್‌ಎಚ್‌ಎ-256 ಹ್ಯಾಶ್, ಅಂದ್ರೆ 32 ಬೈಟಿನ ಒಂದು ಗುರುತು. ತುಣುಕಿನ ಒಂದು ಬಿಟ್ ಬದಲಾದ್ರೂ ಗುರುತು ಪೂರ್ತಿ ಬದಲಾಗ್ತದೆ. 2400 ಗುರುತಿನ ಪಟ್ಟಿ ಬರೀ 75 ಕೆಬಿ. ಈ ಪಟ್ಟಿ ಇದ್ರೆ ಸಾಕು, ತುಣುಕು ಯಾರ ಹತ್ರದಿಂದ ಬಂದರೂ ಅಡ್ಡಿ ಇಲ್ಲ, ಬಂದದ್ದು ಖರೇನೋ ಸುಳ್ಳೋ ಅಂತ ನಾವೇ ತಪಾಸಣೆ ಮಾಡಬಹುದು. ಪಟ್ಟಿಗೇ ಮತ್ತೊಂದು ಹ್ಯಾಶ್ ತೆಗೆದು, ಅದನ್ನ ಲಿಂಕಿನಲ್ಲಿ ಹಾಕಿದ್ವಿ.

ಲಿಂಕಿಗೆ ಕನ್ನಡದಲ್ಲಿ ಕೊಂಡಿ ಅಂತಾರೆ ಅಂತ ಬರೆಯುವಾಗ ಗೊತ್ತಾಯ್ತು. ಇಳಕಲ್ಲದಾಂವ ನಕ್ಕ. ಅವನ ಮನೆಯಲ್ಲಿ ಕೊಂಡಿ ಅಂದ್ರೆ ಬೇರೆ. ಇಳಕಲ್ಲ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನ ಒಂದಕ್ಕೊಂದು ಸಿಕ್ಕಿಸಿ ಕೂಡಿಸೋದಕ್ಕೆ ಕೊಂಡಿ ಅಂತಾರೆ. ಸೀರೆಗೊಮ್ಮೆ ಹಾಸು ಹೂಡಬೇಕು, ಸೀರೆಗೊಮ್ಮೆ ಕೊಂಡಿ ಹಾಕಬೇಕು, ಅದಕ್ಕೇ ಅದು ಅಷ್ಟು ನಿಧಾನದ ಕೆಲಸ. "ನಮ್ಮ ಅವ್ವನ ಕೊಂಡಿ ಬಿಚ್ಚೋದಿಲ್ಲ, ನಿಮ್ಮ ಕೊಂಡಿ ಮೊಬೈಲ್ ಸ್ವಿಚ್ ಆಫ್ ಆದ್ರ ಬಿಚ್ತದ" ಅಂದ. ಆಗ ಜೋಕ್ ಅನಿಸ್ತು. ಆಮೇಲಿನ ಎಲ್ಲ ತಲೆಬಿಸಿ ಅದರದ್ದೇ ಆಯ್ತು.

ಕಳಿಸೋ ಭಾಗ ಹೇಳುವಷ್ಟು ಕಷ್ಟ ಇರಲಿಲ್ಲ. ಬೇರೆ ಬೇರೆ ಬ್ರೌಸರ್ ನಡುವೆ ತಕರಾರಿಲ್ಲದೆ ಹೋಗೋದು 16 ಕೆಬಿಯ ಸಂದೇಶ. ಅಂದ್ರೆ ಒಂದು ತುಣುಕಿಗೆ 16 ಸಂದೇಶ. ಕೋಡಿನಲ್ಲಿ ಕಳಿಸು, ಕಳಿಸು ಅಂತ ಹೇಳ್ತಾ ಹೋದ್ರೆ ಬಫರ್ ತುಂಬಿ ಕಟ್ಟಿಕೊಳ್ತದೆ. ಎಷ್ಟು ಬಾಕಿ ಇದೆ ಅಂತ ನೋಡಿ, ಇಳಿದ ಮೇಲೆ ಮುಂದಿನದು ಹಾಕಬೇಕು, ಗಿರಣಿಯ ಬಾಯಿಗೆ ಜೋಳ ಹಾಕಿದಂಗೆ. ಮೊಬೈಲ್ ಡೇಟಾದಲ್ಲಿ ಮಾತ್ರ ಗೋಳು: ಒಂದೇ ಪಬ್ಲಿಕ್ ವಿಳಾಸದ ಹಿಂದೆ ನೂರಾರು ಫೋನ್ ಇರ್ತಾವೆ, ಹೊರಗಿನಿಂದ ಯಾವ ಫೋನ್ ಅಂತ ತಿಳಿಯೋದಿಲ್ಲ. ಐಪಿವಿ6 ಎರಡೂ ಕಡೆ ಇದ್ರೆ ನೇರ ಸಿಗೋ ಸಾಧ್ಯತೆ ಜಾಸ್ತಿ. ಇಲ್ಲಾಂದ್ರೆ ನಡುವೆ ಟರ್ನ್ ಸರ್ವರ್ ಇಟ್ಟು ಎಲ್ಲ ಡೇಟಾ ಅದರ ಮೂಲಕ ಹಾಯಿಸಬೇಕು, ಆಗ ಮಧ್ಯಸ್ಥರು ಚಹಾ ಕುಡಿದು ಹೋಗದೆ ಮನೆಯಲ್ಲೇ ಉಳಿದಂಗೆ. ಎಲ್ಲಕ್ಕಿಂತ ನಗು ಬಂದದ್ದು ಹಾಸ್ಟೆಲಿನಲ್ಲಿ. ಒಂದೇ ರೂಮಿನ, ಒಂದೇ ವೈಫೈನ ಎರಡು ಲ್ಯಾಪ್‌ಟಾಪ್ ಒಂದಕ್ಕೊಂದು ಸಿಗಲಿಲ್ಲ. ಬ್ರೌಸರ್ ನಮ್ಮ ಒಳಗಿನ ಐಪಿ ವಿಳಾಸ ಮುಚ್ಚಿಟ್ಟು, ಅದರ ಬದಲು ಒಂದು ತಾತ್ಕಾಲಿಕ ಹೆಸರು ಕೊಡ್ತದೆ. ಆ ಹೆಸರನ್ನ ಕೂಗಿ ಕೇಳಲಿಕ್ಕೆ ಆ ವೈಫೈನಲ್ಲಿ ಅನುಮತಿ ಇಲ್ಲ. ಬದಿಯ ಮಂಚದವನಿಗೆ ಫೈಲ್ ಕೊಡಲಿಕ್ಕೆ ಫೋನಿನ ಹಾಟ್‌ಸ್ಪಾಟ್ ಹಚ್ಚಿದ್ವಿ.

ನಿಜವಾದ ಕೆಲಸ ಇಡೋದರಲ್ಲಿತ್ತು.

ಬ್ರೌಸರ್ ಒಳಗೆ ಜಾಗ ಬೇಕಾದಷ್ಟಿದೆ. ಕ್ರೋಮ್ ಒಂದು ಸೈಟಿಗೆ ಡಿಸ್ಕಿನ 60 ಪರ್ಸೆಂಟ್‌ವರೆಗೂ ಬಿಡ್ತದೆ. ಫೈರ್‌ಫಾಕ್ಸ್ ಸುಮ್ಮನೆ ಇದ್ರೆ ಡಿಸ್ಕಿನ 10 ಪರ್ಸೆಂಟ್ ಅಥವಾ 10 ಜಿಬಿ, ಯಾವುದು ಕಡಿಮೆಯೋ ಅದು. ನಮ್ಮ 600 ಎಂಬಿ ಯಾವ ಲೆಕ್ಕ? ಸಣ್ಣಪುಟ್ಟ ಪಟ್ಟಿಗಳನ್ನ ಇಂಡೆಕ್ಸೆಡ್‌ಡಿಬಿಯಲ್ಲಿ ಇಟ್ಟು, ತುಣುಕುಗಳನ್ನ ಒಪಿಎಫ್‌ಎಸ್ ಅನ್ನೋ ಖಾಸಗಿ ಫೈಲ್ ಜಾಗದಲ್ಲಿ ಒಂದೇ ಉದ್ದನೆ ಫೈಲಾಗಿ ಬರೆದ್ವಿ. 2400 ಫೈಲ್ ಬ್ಯಾಡ, ಒಂದು ಫೈಲ್, ಅದರಲ್ಲಿ ಎಷ್ಟನೇ ಬೈಟಿನಿಂದ ಯಾವ ತುಣುಕು ಅನ್ನೋ ಲೆಕ್ಕ. ಕೆಲಸವನ್ನ ವರ್ಕರ್‌ನಲ್ಲಿ ಮಾಡಿದ್ರೆ ಹಳೇ ಫೋನೂ ತಡವರಿಸೋದಿಲ್ಲ.

ಜಾಗ ಕೊಡೋದೇನೋ ಕೊಡ್ತದೆ, ಆದರೆ ಬಾಡಿಗೆ ಕರಾರಿಲ್ಲದೆ ಕೊಡ್ತದೆ. ಡಿಸ್ಕ್ ತುಂಬಿದಾಗ ಭಾಳ ದಿನದಿಂದ ತೆರೆಯದ ಸೈಟನ್ನ ಬ್ರೌಸರ್ ತಾನೇ ಹೊರಗೆ ಹಾಕ್ತದೆ. ಹಾಕಿದಾಗ ಅರ್ಧ ಅಳಿಸೋದಿಲ್ಲ, ಆ ಸೈಟಿನದು ಪೂರ್ತಿ. "ಇದನ್ನ ಅಳಿಸಬ್ಯಾಡ" ಅಂತ ಕೇಳಲಿಕ್ಕೆ ಪರ್ಸಿಸ್ಟ್ ಅಂತ ಒಂದು ಕರೆ ಇದೆ. ಫೈರ್‌ಫಾಕ್ಸ್ ಬಳಕೆದಾರರನ್ನ ಕೇಳ್ತದೆ. ಕ್ರೋಮ್ ಯಾರನ್ನೂ ಕೇಳದೆ, ನೀವು ಆ ಸೈಟನ್ನ ಎಷ್ಟು ಬಳಸ್ತೀರಿ ಅಂತ ನೋಡಿ ತಾನೇ ತೀರ್ಮಾನ ಮಾಡ್ತದೆ. ಸಫಾರಿ ಇನ್ನೂ ಖಡಕ್: 2020ರಿಂದ, ಬ್ರೌಸರ್ ಬಳಸಿದ 7 ದಿನದೊಳಗೆ ಆ ಸೈಟನ್ನ ಮುಟ್ಟದಿದ್ರೆ ಸ್ಕ್ರಿಪ್ಟ್ ಬರೆದಿಟ್ಟದ್ದೆಲ್ಲ ಅಳಿಸ್ತದೆ. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡ್ರೆ ಮಾತ್ರ ಬಿಡ್ತದೆ. ಪುಣೆಯಲ್ಲಿರೋ ಆಯಿಯ ಮೊಮ್ಮಗಳದ್ದು ಐಫೋನ್. ಆಕಿಗೆ ಫೋನ್ ಮಾಡಿ ಎಲ್ಲಿ ಒತ್ತಬೇಕು, ಏನು ಆರಿಸಬೇಕು ಅಂತ ಹೇಳಲಿಕ್ಕೆ ಅರ್ಧ ತಾಸು ಹಿಡೀತು. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಲೇಶನ ಶಾಸನ ಇದೆ, ಕ್ರಿ.ಶ. 578ರದು. ಯಾವ ಪರ್ಮಿಶನ್ನೂ ಕೇಳದೆ ಇವತ್ತಿಗೂ ನಿಂತದೆ ಅಂತ ಬಾದಾಮಿಯವನು ಸಂದರ್ಭ ಸಿಕ್ಕಾಗೆಲ್ಲ ಹೇಳ್ತಾನೆ. ಅವನ ಊರಿನವರೆಲ್ಲ ಹಿಂಗೇ.

ಇದಕ್ಕಿಂತ ದೊಡ್ಡ ತೊಂದರೆ ಹಾಜರಿಯದ್ದು. ಟ್ಯಾಬ್ ಮುಚ್ಚಿದ್ರೆ ಆ ಮನುಷ್ಯ ಜಾಲದಿಂದ ಹೋದಂಗೆ. ಹಿನ್ನೆಲೆಯಲ್ಲಿ ಓಡೋ ಸರ್ವಿಸ್ ವರ್ಕರ್‌ಗೆ ವೆಬ್‌ಆರ್‌ಟಿಸಿ ಸಿಗೋದಿಲ್ಲ, ಹಂಗಾಗಿ ಮುಚ್ಚಿದ ಮೇಲೂ ಕೆಲಸ ಮಾಡೋ ದಾರಿ ಇಲ್ಲ. ಕಂಪ್ಯೂಟರಿನಲ್ಲಿ ಟ್ಯಾಬ್ ಹಿಂದೆ ಸರಿದ್ರೆ ಪರವಾಗಿಲ್ಲ: 2021ರ ಕ್ರೋಮ್ 88ರಿಂದ ಮರೆಯಲ್ಲಿರೋ ಟ್ಯಾಬಿನ ಟೈಮರ್‌ಗಳನ್ನ ನಿಮಿಷಕ್ಕೊಮ್ಮೆ ಮಾತ್ರ ಎಬ್ಬಿಸ್ತಾರೆ, ಆದರೆ ಡೇಟಾ ಚಾನೆಲ್ ತೆರೆದಿದ್ರೆ ವಿನಾಯಿತಿ. ಫೋನಿನಲ್ಲಿ ಆ ಭಾಗ್ಯ ಇಲ್ಲ. ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗೆ ಟ್ಯಾಬ್ ನಿದ್ದೆ ಹೋಗ್ತದೆ.

ಈಗ ಲೆಕ್ಕಕ್ಕೆ ಬರ್ತೀವಿ, ಇದನ್ನ ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು. ನಮ್ಮ ಜಾಲದಲ್ಲಿ 8 ಜಾಗ: ನಮ್ಮ ನಾಲ್ಕು ಲ್ಯಾಪ್‌ಟಾಪ್, ಹುನಗುಂದದಾಕಿಯ ಕಾಕಾನ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್, ಬಾದಾಮಿಯವನ ಸೋದರಮಾವನ ಲಾಡ್ಜಿನ ರಿಸೆಪ್ಶನ್ ಕಂಪ್ಯೂಟರ್, ಇಳಕಲ್ಲದಲ್ಲಿ ಅವನ ಅಕ್ಕನ ಫೋನ್, ಪುಣೆಯ ಐಫೋನ್. ಪುಸ್ತಕ ಓದಿದವರು ಯಾರೇ ಆದ್ರೂ ಹೇಳೋದು ರೀಡ್-ಸಾಲೊಮನ್ ಬಳಸು ಅಂತ. ಇರ್ವಿಂಗ್ ರೀಡ್, ಗುಸ್ತಾವ್ ಸಾಲೊಮನ್ ಇಬ್ಬರೂ 1960ರಲ್ಲಿ ಕೊಟ್ಟ ವಿದ್ಯೆ. ಪಾನ್ ಅಂಗಡಿಯ ಕ್ಯೂಆರ್ ಕೋಡ್ ಮೂಲೆ ಹರಿದ್ರೂ ಸ್ಕ್ಯಾನ್ ಆಗೋದು ಇದರಿಂದಲೇ. ಫೈಲನ್ನ 4 ಪಾಲು ಮಾಡಿ, ಅವುಗಳಿಂದ ಲೆಕ್ಕ ಹಾಕಿ 8 ಪಾಲು ಮಾಡೋದು. ಮನೆಗೊಂದು ಪಾಲು, 150 ಎಂಬಿ. ಎಂಟರಲ್ಲಿ ಯಾವ 4 ಸಿಕ್ಕರೂ ಪೂರ್ತಿ ಫೈಲ್ ವಾಪಸ್. ಒಟ್ಟು ಜಾಗ 1200 ಎಂಬಿ. ಅದೇ 1200 ಎಂಬಿಯಲ್ಲಿ ಸಾದಾ ಪದ್ಧತಿಯಲ್ಲಿ ಎರಡು ಪೂರ್ತಿ ಪ್ರತಿ ಅಷ್ಟೇ ಇಡಬಹುದು, ಎರಡೂ ಹೋದ್ರೆ ಕಥೆ ಮುಗೀತು. ನೋಡಿದ ಕೂಡಲೇ ರೀಡ್-ಸಾಲೊಮನ್ ಜಾಣತನದ್ದು ಅನಿಸ್ತದೆ.

ಆದರೆ ಎಷ್ಟು ಮಂದಿ ಯಾವಾಗ ಇರ್ತಾರೆ ಅನ್ನೋದರ ಮೇಲೆ ಎಲ್ಲ ನಿಂತದೆ. ಪ್ರತಿಯೊಂದು ಜಾಗವೂ 90 ಪರ್ಸೆಂಟ್ ಹೊತ್ತು ಹಾಜರಿದ್ರೆ, ಎರಡು ಪ್ರತಿಯ ಪದ್ಧತಿಯಲ್ಲಿ ಹಾಡು ಸಿಗೋ ಸಾಧ್ಯತೆ 99 ಪರ್ಸೆಂಟ್, ಎಂಟರಲ್ಲಿ ನಾಲ್ಕರ ಪದ್ಧತಿಯಲ್ಲಿ 99.96. ಜಾಣತನ ಗೆದ್ದಿತು. ಅರ್ಧ ಹೊತ್ತು ಹಾಜರಿ ಅಂತ ಹಿಡೀರಿ. ಎರಡು ಪ್ರತಿಗೆ 75 ಪರ್ಸೆಂಟ್, ಎಂಟರಲ್ಲಿ ನಾಲ್ಕಕ್ಕೆ 256ರಲ್ಲಿ 163, ಅಂದ್ರೆ ಸುಮಾರು 64. ತಿರುಗಿ ಬಿತ್ತು! ಕಾಲು ಭಾಗ ಹೊತ್ತು ಮಾತ್ರ ಅಂದ್ರೆ 44ಕ್ಕೆ ಎದುರು ಬರೀ 11. ನಾಲ್ಕು ಮಂದಿ ಒಂದೇ ಹೊತ್ತಿಗೆ ಸಿಗಬೇಕು ಅನ್ನೋದು, ಒಬ್ಬರು ಸಿಕ್ಕರೆ ಸಾಕು ಅನ್ನೋದಕ್ಕಿಂತ ಭಾರೀ ಬೇಡಿಕೆ. ನಮ್ಮ ಲ್ಯಾಪ್‌ಟಾಪ್‌ಗಳು ದಿನದ ಕಾಲು ಭಾಗವೂ ತೆರೆದಿರೋದಿಲ್ಲ, ಫೋನಿನದು ನಿಮಿಷದ ಲೆಕ್ಕ. ಡೇಟಾ ಸೆಂಟರಿನಲ್ಲಿ ಜಾಣತನ ಆದದ್ದು ನಮ್ಮ ಮನೆಗಳಲ್ಲಿ ದಡ್ಡತನ ಆಗ್ತದೆ ಅನ್ನೋದನ್ನ ಕ್ಯಾಲ್ಕುಲೇಟರ್ ತೋರಿಸಿತು, ಕೋಡ್ ಬರೆಯೋ ಮೊದಲೇ.

ಇದು ನಮಗೆ ಮಾತ್ರ ಹೊಳೆದದ್ದೇನಲ್ಲ. 2003ರಲ್ಲಿ ಚಾರ್ಲ್ಸ್ ಬ್ಲೇಕ್, ರೊಡ್ರಿಗೊ ರೊಡ್ರಿಗೆಸ್ ಅನ್ನೋರು ಒಂದು ಪ್ರಬಂಧ ಬರೆದಿದ್ರು. ಸದಾ ಸಿಗಬೇಕು, ದೊಡ್ಡದಾಗಿ ಬೆಳೀಬೇಕು, ಸದಸ್ಯರು ಬಂದು ಹೋಗ್ತಿರಬೇಕು. ಮೂರರಲ್ಲಿ ಎರಡನ್ನ ಆರಿಸಿಕೊಳ್ರಿ ಅನ್ನೋದೇ ಅದರ ಶೀರ್ಷಿಕೆಯ ಅರ್ಥ. ಅವರ ಮಾತಿನ ತಿರುಳು: ದುಬಾರಿ ಆಗೋದು ಡಿಸ್ಕ್ ಅಲ್ಲ. ಯಾರೋ ಹೋದಾಗ ಅವರ ಪಾಲನ್ನ ಮತ್ತೆ ತುಂಬಿಸಲಿಕ್ಕೆ ಖರ್ಚಾಗೋ ಡೇಟಾ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆ ಒಂದು ಫೋನ್ ಅಳಿಸಿ, ವಾರಕ್ಕೊಮ್ಮೆ ನಾವು 600 ಎಂಬಿ ತುಂಬಿಸೋದು ಅಂದ್ರೆ ತೂತಿನ ಕೊಡಕ್ಕೆ ನೀರು.

ಹಂಗಾಗಿ ಎಲ್ಲರೂ ಸಮಾನ ಅನ್ನೋ ಪೀರ್-ಟು-ಪೀರ್ ತತ್ವವನ್ನ ಸ್ವಲ್ಪ ಬದಿಗಿಟ್ವಿ. ಫೋನುಗಳು ತಾವು ಕೇಳಿದ ಹಾಡನ್ನ ಮಾತ್ರ ಇಟ್ಟುಕೊಳ್ತಾವೆ, ಅವುಗಳ ಮೇಲೆ ಭರವಸೆ ಇಡೋದಿಲ್ಲ. ಪೂರ್ತಿ ಪ್ರತಿ ಮೂರು ಕಡೆ: ಲಾಡ್ಜ್, ಅಂಗಡಿ, ಮತ್ತು ಹಾಸ್ಟೆಲಿನಲ್ಲಿ ರಾತ್ರಿ ತೆರೆದಿರೋ ಒಂದು ಲ್ಯಾಪ್‌ಟಾಪ್. ಒಟ್ಟು 1800 ಎಂಬಿ. ಲಾಡ್ಜ್ 90 ಪರ್ಸೆಂಟ್, ಅಂಗಡಿ ಬೆಳಿಗ್ಗೆ 9ರಿಂದ ರಾತ್ರಿ 9 ಅಂದ್ರೆ 50, ಲ್ಯಾಪ್‌ಟಾಪ್ 25. ಮೂರೂ ಒಮ್ಮೆಗೇ ಇಲ್ಲದಿರೋ ಸಾಧ್ಯತೆ 4 ಪರ್ಸೆಂಟಿಗಿಂತ ಕಡಿಮೆ. ಅಂಗಡಿ ಹಗಲು, ಲ್ಯಾಪ್‌ಟಾಪ್ ರಾತ್ರಿ ಇರೋದರಿಂದ ನಿಜ ಇನ್ನೂ ಚಲೋ ಇದೆ. ಹೊತ್ತು ಬೇರೆ ಬೇರೆ ಇರೋ ಇಬ್ಬರು, ಹೊತ್ತು ಒಂದೇ ಇರೋ ನಾಲ್ವರಿಗಿಂತ ಉಪಯೋಗ. ಮಳೆ-ಗಾಳಿಗೆ ಎಲ್ಲ ಕಡೆ ಒಮ್ಮೆಗೇ ಕರೆಂಟ್ ಹೋದ್ರೆ ಮಾತ್ರ ಈ ಗುಣಾಕಾರ ಸುಳ್ಳಾಗ್ತದೆ.

ಲೆಕ್ಕ ಮಾಡಿದಷ್ಟು ಸಲೀಸಾಗಿ ಮಂದಿಯನ್ನ ಒಪ್ಪಿಸಲಿಕ್ಕೆ ಆಗಲಿಲ್ಲ. ಹುನಗುಂದದ ಕಾಕಾ ಮೊದಲು ಕೇಳಿದ್ದು ವೈರಸ್ ಬಗ್ಗೆ. ಎರಡನೇದು, "ನಾಳೆ ಪೊಲೀಸ್ರು ಬಂದು ಇದರಾಗೇನೈತಿ ಅಂದ್ರ ನಾ ಏನ್ ಹೇಳ್ಲಿ?" ಅಂತ. ಭಾಳ ಸರಿಯಾದ ಪ್ರಶ್ನೆ, ನಮ್ಮ ಪಠ್ಯದಲ್ಲಿ ಇಲ್ಲದ್ದು. ನಾವು ಹೇಳಿದ್ವಿ: "ಕಾಕಾರ, ತುಣುಕು ಎಲ್ಲಾ ಕೀಲಿ ಹಾಕಿ ಇಟ್ಟೀವ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಇರ್ತಾವು, ಆದ್ರ ನಿಮಗೂ ಕೇಳಾಕ ಬರೂದಿಲ್ಲ." ಅವರ ಮುಖ ಇನ್ನೂ ಸಣ್ಣದಾಯ್ತು. ಕೀಲಿ ಹಾಕಿದ ಡಬ್ಬಿ ಇಟ್ಟುಕೋ, ಒಳಗೇನಿದೆ ಕೇಳಬೇಡ ಅಂದ್ರೆ ಯಾರಿಗೆ ಆಗಲಿ ಅನುಮಾನ ಬರ್ತದೆ.

ತಾಂತ್ರಿಕವಾಗಿ ಇದು ನಮಗೆ ಇಷ್ಟದ ಭಾಗ. ಹಾಡನ್ನ ಎಇಎಸ್‌ನಿಂದ ಗುಪ್ತ ಮಾಡಿ, ಆಮೇಲೆ ತುಣುಕು ಮಾಡಿ, ಗುಪ್ತ ತುಣುಕಿಗೇ ಹ್ಯಾಶ್ ತೆಗೆದ್ವಿ. ಹಂಗಾಗಿ ಕೀಲಿ ಇಲ್ಲದ ಅಂಗಡಿಯ ಕಂಪ್ಯೂಟರೂ ತನ್ನ ಹತ್ರ ಇರೋದು ಸರಿಯಾಗಿದೆಯಾ ಅಂತ ತಪಾಸಣೆ ಮಾಡಬಲ್ಲದು. ಕೀಲಿ ಇರೋದು ಮನೆಯವರ ಲಿಂಕಿನಲ್ಲಿ, ಹ್ಯಾಶ್ ಚಿಹ್ನೆಯ ನಂತರದ ಭಾಗದಲ್ಲಿ. ಆ ಭಾಗವನ್ನ ಬ್ರೌಸರ್ ಸರ್ವರಿಗೆ ಕಳಿಸೋದೇ ಇಲ್ಲ. ಆಯಿಯ ಕಂಡೀಷನ್ ಇಷ್ಟರಲ್ಲಿ ಪೂರ್ತಿ ಆಯ್ತು. ಕಾಕಾನದು ಆಗಲಿಲ್ಲ. ಕೊನೆಗೆ ಆಯಿಗೇ ಫೋನ್ ಹಚ್ಚಿ ಕೊಟ್ವಿ. ಇಬ್ಬರೂ ಹತ್ತು ನಿಮಿಷ ಮಾತಾಡಿದ್ರು, ಅದರಲ್ಲಿ ಹಾಡಿನ ಸುದ್ದಿ ಎರಡು ನಿಮಿಷ, ಉಳಿದದ್ದು ಯಾರ ಬೀಗರು ಯಾರು ಅನ್ನೋದು. ಆಯಿ ಒಂದು ಜೋಗುಳ ಹಾಡಿ ತೋರಿಸಿದ್ರು. ಕಾಕಾ ಒಂದು ಎ4 ಹಾಳೆ ತೆಗೆದು, ದಪ್ಪ ಅಕ್ಷರದಲ್ಲಿ "ಟ್ಯಾಬ್ ಮುಚ್ಚಬ್ಯಾಡ್ರಿ" ಅಂತ ಪ್ರಿಂಟ್ ಹೊಡೆದು, ಲ್ಯಾಮಿನೇಶನ್ ಮಾಡಿ ಮಾನಿಟರಿಗೆ ಅಂಟಿಸಿದ್ರು. ನಾವು ಮಾಡಿದ ಎಷ್ಟೋ ಸುಧಾರಣೆಗಿಂತ ಆ ಹಾಳೆ ಜಾಸ್ತಿ ಕೆಲಸ ಮಾಡಿದೆ ಅಂತ ಹಾಜರಿ ಲೆಕ್ಕ ಹೇಳ್ತದೆ. ಬಾದಾಮಿಯ ಲಾಡ್ಜಿಗೂ ಒಂದು ಪ್ರತಿ ಒಯ್ದು ಕೊಟ್ವಿ, ಅಲ್ಲಿ ರಾತ್ರಿ ಪಾಳಿಯವನು ಕಂಪ್ಯೂಟರ್ ಆಫ್ ಮಾಡ್ತಿದ್ದ.

ಹುನಗುಂದ ತಾಲ್ಲೂಕಿನ ಹೆಸರು ಬಂದ ಕೂಡಲೇ ಕೂಡಲಸಂಗಮ ನೆನಪಾಗ್ತದೆ, ಅಲ್ಲಿಂದ ವಚನ. ವಚನಗಳ ಓಲೆಕಟ್ಟು ಯಾವುದೋ ಒಂದು ಭಂಡಾರದಲ್ಲಿ ಇರಲಿಲ್ಲ. ಮಠ, ಮನೆ, ಜಗಲಿ, ಎಲ್ಲೆಲ್ಲೋ ಇದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸಿದ್ರು. ಇಟ್ಟುಕೊಂಡ ಎಷ್ಟೋ ಮನೆಯವರಿಗೆ ಒಳಗೇನಿದೆ ಅಂತ ಓದಲಿಕ್ಕೆ ಬರ್ತಿರಲಿಕ್ಕಿಲ್ಲ, ಪೂಜೆ ಮಾಡಿ ಇಟ್ಟಿದ್ರು. ಕಾಕಾನ ಅಂಗಡಿಯ ಕೀಲಿ ಹಾಕಿದ ತುಣುಕಿಗೂ ಇದಕ್ಕೂ ಭಾಳ ದೂರ ಇಲ್ಲ ಅನಿಸ್ತದೆ ನಮಗೆ. ಫರಕು ಒಂದೇ. ಓಲೆಯಿಂದ ಓಲೆಗೆ ನಕಲು ಮಾಡುವಾಗ ಪಾಠಭೇದ ಬರ್ತಿತ್ತು, ನಮ್ಮಲ್ಲಿ ಒಂದು ಅಕ್ಷರ ಬೇರೆಯಾದ್ರೂ ಹ್ಯಾಶ್ ಒಪ್ಪೋದಿಲ್ಲ.

ಇದನ್ನ ಹೆಮ್ಮೆಯಿಂದ ಆಯಿಗೆ ಹೇಳಿದ್ವಿ. ನೀವು ಹಾಡಿದ್ದು ಇನ್ನು ಒಂದು ಉಸಿರೂ ಬದಲಾಗೋದಿಲ್ಲ ಅಂತ. ಅವರಿಗೆ ಅಷ್ಟೇನೂ ಖುಷಿ ಆಗಲಿಲ್ಲ. "ಹಂಗ್ಯಾಕ? ನಮ್ಮವ್ವ ಹಾಡಿದಂಗ ನಾ ಹಾಡಿಲ್ಲ. ಬೀಸೂ ಕಾಳು ಜಾಸ್ತಿ ಇದ್ರ ನಾಕು ಸೊಲ್ಲು ಕೂಡಸ್ತಿದ್ವಿ, ಕಡಿಮಿ ಇದ್ರ ಬಿಡ್ತಿದ್ವಿ." 8 ಹಾಡು ಮತ್ತೆ ಹಾಡಿದಾಗ ಅವರು ಮೊದಲಿನಂಗೆ ಹಾಡಿದ್ರೋ ಇಲ್ಲೋ ಅಂತ ನೋಡಲಿಕ್ಕೆ ನಮ್ಮ ಹತ್ರ ಮೊದಲಿನದು ಇಲ್ಲ. ಕಳೆದ ವಾರ ಒಂದು ಸೋಬಾನ ಎರಡು ಸಲ ರೆಕಾರ್ಡ್ ಆಯ್ತು. ಕೇಳಿದ್ರೆ ಅದೇ ಪದ, ಸೊಲ್ಲು ಎರಡು ಜಾಸ್ತಿ. ಕಂಪ್ಯೂಟರಿಗೆ ಅವೆರಡೂ ಒಂದಕ್ಕೊಂದು ಸಂಬಂಧ ಇಲ್ಲದ ಫೈಲುಗಳು. ಎರಡನ್ನೂ ಒಂದೇ ಹೆಸರಿನ ಕೆಳಗೆ ಇಡಲಿಕ್ಕೆ ಪಟ್ಟಿಯಲ್ಲಿ ಹೊಸ ಕಾಲಂ ಮಾಡಿದೀವಿ. ಇಳಕಲ್ಲದ ಅಕ್ಕ ತಾನೂ ಒಂದು ಜೋಗುಳ ಬೇರೆ ಥರ ಕೇಳಿದ್ದೆ ಅಂತ ಹೇಳಿದಾಳೆ. ಅವಳ ಹಾಡು ಬಂದ್ರೆ ಅದೂ ಅಲ್ಲೇ ಕೂಡ್ತದೆ.

ಮೊನ್ನೆ ಹುನಗುಂದದ ಕಾಕಾ ಫೋನ್ ಮಾಡಿದ್ರು. ಅಂಗಡಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಂತ. "ಭಾಳ ಸ್ಲೋ ಆಗೇತಿ. ಆದ್ರ ಆಯಿ ಪದ ಒಳಗ ಅದಾವಲ್ಲ, ಅವಕ್ಕೇನು ಮಾಡ್ಲಿ?" ಲಾಡ್ಜಿನ ಪ್ರತಿ ತಪಾಸಣೆ ಮಾಡಿದ್ವಿ, 2400ಕ್ಕೆ 2400 ಸರಿ ಇತ್ತು. ಮಾಡಿಸ್ರಿ ಕಾಕಾರ ಅಂದ್ವಿ. ಸಂಜೆ 7ಕ್ಕೆ ಅವರು ಹೊಸ ಬ್ರೌಸರಿನಲ್ಲಿ ಟ್ಯಾಬ್ ತೆರೆದ್ರು. 9ಕ್ಕೆ ಅಂಗಡಿ ಮುಚ್ಚುವಾಗ ಬಾದಾಮಿಯಿಂದ 1716 ತುಣುಕು ಬಂದಿದ್ವು. ಉಳಿದವು ಮರುದಿನ ಮುಂಜಾನೆ ಬಂದ್ವು.